ಏಳನೆಯ ವೈರಿ: ಯಂತ್ರದ ಜಾಹೀರಾತು ಮತ್ತು ಹೇಸಿಗೆಯ ವ್ಯಾಪಾರ

1

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮಲ್ಲಿ ಕತೆ, ಕವಿತೆ, ಆತ್ಮಕತೆಗಳ ಮಾತು ಶುರುವಾಗುತ್ತದೆ. ಯಾರು ಅನುಕಂಪದಿಂದ ಬರೆದರು, ಯಾರು ಉಂಡ ನೋವಿನಿಂದ ಬರೆದರು ಎಂಬ ಚರ್ಚೆಯಲ್ಲಿ ಎರಡು ತಲೆಮಾರು ಕಳೆದಿವೆ. ಆ ಚರ್ಚೆ ಬೇಕಾದದ್ದೇ. ಆದರೆ ಇವತ್ತು ಕೇರಿಯ ಹುಡುಗ ಹುಡುಗಿಯರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದುತ್ತಿರುವ ಪಠ್ಯ ಯಾವುದು? ಕವಿತೆಯಂತೂ ಅಲ್ಲ. ಬಸ್ ಸ್ಟ್ಯಾಂಡಿನ ಬೋರ್ಡಿನಿಂದ ಹಿಡಿದು ಕೈಯೊಳಗಿನ ಮೊಬೈಲಿನವರೆಗೆ ಅವರು ಓದುವುದು ಜಾಹೀರಾತನ್ನು. ಅದರಲ್ಲೂ ಯಂತ್ರಗಳ ಜಾಹೀರಾತನ್ನು: ಟಿ.ವಿ., ಫೋನು, ಫಿಲ್ಟರು, ಆ್ಯಪು. ಇದನ್ನು ಓದದೆ ಬಿಟ್ಟ ವಿಮರ್ಶೆ ಅರ್ಧ ಕಣ್ಣು ಮುಚ್ಚಿಕೊಂಡ ವಿಮರ್ಶೆ.

ಹಾಗಂತ ಜಾಹೀರಾತನ್ನು ಬಯ್ಯುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಮಠದ ಪ್ರವಚನದಲ್ಲೂ ಬಯ್ಗುಳವಿದೆ, ಸಮಾಜವಾದಿ ಹಿರಿಯರ ಭಾಷಣದಲ್ಲೂ ಇದೆ. ಕೊಳ್ಳುಬಾಕ ಸಂಸ್ಕೃತಿ ಎಂಬ ಮಾತು ಈಗ ಶಾಲಾ ಮಕ್ಕಳ ಪ್ರಬಂಧಕ್ಕೂ ಇಳಿದಿದೆ. ಇವರೆಲ್ಲರ ತಕರಾರು ಹೆಚ್ಚೂಕಡಿಮೆ ಒಂದೇ. ಜಾಹೀರಾತು ಮನುಷ್ಯನ ಒಳಗೆ ಮಲಗಿರುವ ಕೇಡನ್ನು ತಟ್ಟಿ ಎಬ್ಬಿಸುತ್ತದೆ. ಆಸೆ ಹುಟ್ಟಿಸುತ್ತದೆ, ಹೊಟ್ಟೆಕಿಚ್ಚು ಹುಟ್ಟಿಸುತ್ತದೆ, ಸೋಮಾರಿಯಾಗಿಸುತ್ತದೆ. ಈ ತಕರಾರಿನ ಹಿಂದೆ ಹಳೆಯ ಪಟ್ಟಿಯೊಂದಿದೆ: ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ಅರಿಷಡ್ವರ್ಗ. ಮನುಷ್ಯನಿಗೆ ಆರು ಜನ ವೈರಿಗಳು, ಆರೂ ಜನ ಅವನೊಳಗೇ ಇದ್ದಾರೆ ಎನ್ನುವ ಲೆಕ್ಕ.

ಈ ಲೆಕ್ಕದ ಬಗ್ಗೆಯೇ ನನ್ನ ಪ್ರಶ್ನೆ. ಈ ಪಟ್ಟಿಯ 'ಮನುಷ್ಯ' ಯಾರು? ಊರಿನವನೋ, ಕೇರಿಯವನೋ? ಗೌಡನ ಮಗ ಬುಲೆಟ್ ಕೊಂಡರೆ ಅದು ಗತ್ತು. ಕೇರಿಯ ಹುಡುಗ ಕೊಂಡರೆ ಕೊಬ್ಬು. ಅವನಿಗೆ ಹೊಸ ಫೋನು ಅನುಕೂಲ, ಇವನಿಗೆ ಅದೇ ದುರಾಸೆ. ಒಂದೇ ವಸ್ತು, ಒಂದೇ ಅಂಗಡಿ, ಒಂದೇ ಬೆಲೆ. ಆದರೆ ಕೊಂಡವನ ಹಟ್ಟಿ ಯಾವುದು ಎನ್ನುವುದರ ಮೇಲೆ ಅದು ಗುಣವೋ ಅವಗುಣವೋ ಎಂದು ತೀರ್ಮಾನವಾಗುತ್ತದೆ. ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಈ ದೇಶದ ಅತಿ ದೊಡ್ಡ ಅವಗುಣ, ಇನ್ನೊಬ್ಬ ಮನುಷ್ಯನ ಮುಟ್ಟುವಿಕೆಯ ಬಗ್ಗೆ ಇರುವ ಹೇಸಿಗೆ, ಆರರ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಪಟ್ಟಿ ಮಾಡಿದವರ ಕಣ್ಣಿಗೆ ಅದು ಅವಗುಣವಾಗಿ ಕಾಣಲಿಲ್ಲ. ನಮ್ಮ ಕಾಲದ ಜಾಹೀರಾತಿಗೆ ಮಾತ್ರ ಈ ಏಳನೆಯ ವೈರಿಯ ವಿಳಾಸ ಚೆನ್ನಾಗಿ ಗೊತ್ತು.

2

ಮೊದಲು ಪಟ್ಟಿಯೊಳಗಿನ ಮದ, ಮತ್ಸರಗಳನ್ನೇ ನೋಡೋಣ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಅದೇ ದಶಕದಲ್ಲಿ ಒನಿಡಾ ಕಂಪನಿಯ ಟಿ.ವಿ.ಗೆ ಒಂದು ಜಾಹೀರಾತು ಬಂತು. ತಲೆಯ ಮೇಲೆ ಕೊಂಬು, ಹಿಂದೆ ಬಾಲ ಇರುವ ಹಸಿರು ಸೈತಾನನೊಬ್ಬ ಅದರ ನಾಯಕ. ಇಂಗ್ಲಿಷಿನಲ್ಲಿದ್ದ ಅದರ ಘೋಷಣೆಯನ್ನು ಕನ್ನಡಕ್ಕೆ ತಂದರೆ, 'ನೆರೆಯವರಿಗೆ ಹೊಟ್ಟೆಕಿಚ್ಚು, ಒಡೆಯನಿಗೆ ಹೆಮ್ಮೆ' ಎಂದಾಗುತ್ತದೆ. ಮತ್ಸರವನ್ನು ಇಷ್ಟು ನೇರವಾಗಿ, ಹೆಸರು ಹಿಡಿದು ಕರೆದು ಮಾರಾಟಕ್ಕಿಟ್ಟ ಜಾಹೀರಾತು ನಮ್ಮ ದೇಶದಲ್ಲಿ ಅಪರೂಪ. ಟಿ.ವಿ.ಯ ಚಿತ್ರ ಎಷ್ಟು ಚೆನ್ನ, ಸದ್ದು ಎಷ್ಟು ಚೆನ್ನ ಎನ್ನುವುದಕ್ಕಿಂತ ಪಕ್ಕದ ಮನೆಯವನ ಹೊಟ್ಟೆ ಉರಿಯುತ್ತದೆ ಎನ್ನುವುದೇ ಸರಕಿನ ಗುಣವಾಯಿತು. ಜನ ನಕ್ಕರು, ಮೆಚ್ಚಿದರು, ಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಮತ್ಸರಕ್ಕೆ ನೆರೆ ಬೇಕು. ಒಂದೇ ಬೀದಿ, ಒಂದೇ ಅಂತಸ್ತು, ಗೋಡೆಗೆ ಗೋಡೆ ತಾಗಿದ ಮನೆ ಬೇಕು. ಸರೀಕನ ಮೇಲೆ ಬರುವ ಹೊಟ್ಟೆಕಿಚ್ಚು ತಮಾಷೆಯ ವಸ್ತುವಾಗಬಹುದು. ಆದರೆ ಊರಿಗೂ ಕೇರಿಗೂ ನಡುವೆ ನೆರೆ ಎಂಬ ಸಂಬಂಧವೇ ಇಲ್ಲವಲ್ಲ! ನಡುವೆ ಒಂದು ಗದ್ದೆಯೋ, ಹಳ್ಳವೋ, ಏನೂ ಇಲ್ಲದಿದ್ದರೆ ಮನಸ್ಸಿನ ಬೇಲಿಯೋ ಇರುತ್ತದೆ. ಕೇರಿಯವನ ಮನೆಗೆ ಬಂದ ವಸ್ತುವನ್ನು ಕಂಡು ಊರಿನವನಿಗೆ ಬರುವುದು ನೆರೆಯವನ ಮತ್ಸರವಲ್ಲ, 'ಒಡೆಯ'ನ ಸಿಟ್ಟು. ಇಂಗ್ಲಿಷಿನ ಓನರ್ ಕನ್ನಡದಲ್ಲಿ ಒಡೆಯನಾದ ಕೂಡಲೇ ಆ ಹಸಿರು ಸೈತಾನನ ತಮಾಷೆ ನಿಂತುಹೋಗುತ್ತದೆ.

ಅಂಬೇಡ್ಕರ್ ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಗುರುತಿಸಿದರು. ಎಲ್ಲರೂ ಸೇರಿ ಒಬ್ಬನ ಕೆಳಗಿರುವ ವ್ಯವಸ್ಥೆ ಇದಲ್ಲ. ಪ್ರತಿಯೊಬ್ಬನಿಗೂ ಮೇಲೊಬ್ಬ, ಕೆಳಗೊಬ್ಬ ಇರುವ ಏಣಿ. ಅದಕ್ಕೇ ಇಲ್ಲಿ ಮದ ಎಲ್ಲರಿಗೂ ಪಾಲು ಪಾಲಾಗಿ ಸಿಕ್ಕಿದೆ. ಬೇಸಿಕ್ ಮಾಡೆಲ್, ಟಾಪ್ ಮಾಡೆಲ್ ಎಂದು ಫೋನುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಕಂಪನಿಗಳಿಗೆ ಈ ದೇಶದಲ್ಲಿ ಹೊಸದಾಗಿ ಏನನ್ನೂ ಕಲಿಸಬೇಕಾಗಿ ಬರಲಿಲ್ಲ. ಏಣಿ ಮೊದಲೇ ಇತ್ತು. ಆದರೆ ದುಡ್ಡು ಕೊಟ್ಟರೆ ಮೇಲಿನ ಮೆಟ್ಟಿಲಿಗೆ ಹೋಗಬಹುದು ಎಂಬ ಆಸೆಯನ್ನು ಜಾಹೀರಾತು ತೋರಿಸುತ್ತದೆ. ಕಂತಿನ ಮೇಲೆ ಫೋನು ಕೊಂಡ ನಮ್ಮ ಹುಡುಗನಿಗೆ ಫೋನು ಸಿಗುತ್ತದೆ, ಮೆಟ್ಟಿಲು ಸಿಗುವುದಿಲ್ಲ.

3

ಜಾಹೀರಾತಿನವರಿಗೆ ಜಾತಿ ಗೊತ್ತಿಲ್ಲ ಅಂತ ಯಾರಾದರೂ ಅಂದುಕೊಂಡಿದ್ದರೆ ಅವರು 2007ರಲ್ಲಿ ಬಂದ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತನ್ನು ನೆನಪು ಮಾಡಿಕೊಳ್ಳಬೇಕು. ಹಳ್ಳಿಯೊಂದರಲ್ಲಿ ಜಾತಿ ಜಗಳ. ಹಳ್ಳಿಯ ಮುಖ್ಯಸ್ಥನಾಗಿ ಅಭಿಷೇಕ್ ಬಚ್ಚನ್. ಅವನಿಗೊಂದು ಉಪಾಯ ಹೊಳೆಯುತ್ತದೆ: ಇನ್ನು ಮೇಲೆ ಯಾರನ್ನೂ ಹೆಸರಿನಿಂದ, ಜಾತಿಯಿಂದ ಗುರುತಿಸಬಾರದು, ಮೊಬೈಲ್ ನಂಬರಿನಿಂದ ಮಾತ್ರ ಗುರುತಿಸಬೇಕು. ಜಗಳ ಮುಗಿಯಿತು. ಎಂಥ ಐಡಿಯಾ!

ಮೇಲ್ನೋಟಕ್ಕೆ ಇದು ಒಳ್ಳೆಯ ಮಾತು. ಆಗ ಬಹಳ ಜನ ಮೆಚ್ಚಿಕೊಂಡರು ಕೂಡ. ಕೆಟ್ಟ ಗುಣವನ್ನು ಕೆರಳಿಸದೆ ಒಳ್ಳೆಯ ಗುಣವನ್ನು ತಟ್ಟಿದ ಜಾಹೀರಾತಲ್ಲವೇ ಅಂತ ಕೇಳಬಹುದು. ಅದು ತಟ್ಟಿದ್ದು ಮೇಲ್ಜಾತಿಯ ಮಧ್ಯಮವರ್ಗದ ಆತ್ಮತೃಪ್ತಿಯನ್ನು. ಜಾತಿ ಎನ್ನುವುದು ಹಳ್ಳಿಯ ಮಂಕು ಜನರ ಜಗಳ, ಎರಡೂ ಕಡೆ ಸಮನಾದ ತಪ್ಪು, ಮೇಲಿನಿಂದ ಬಂದ ಒಬ್ಬ ಜಾಣ ಅದನ್ನು ಒಂದು ನಂಬರಿನಲ್ಲಿ ಮುಗಿಸಬಲ್ಲ ಎನ್ನುವ ಭಾವನೆಯನ್ನು ಅದು ಉಣಿಸಿತು. ಜಮೀನಿನ ಪ್ರಶ್ನೆ, ನೀರಿನ ಪ್ರಶ್ನೆ, ಮದುವೆಯ ಪ್ರಶ್ನೆ ಎಲ್ಲಾ ಮಾಯ. ಬಿಡುವುದಾದರೆ ಎರಡೂ ಕಡೆಯವರು ಹೆಸರು ಬಿಡಬೇಕಂತೆ. ಶತಮಾನಗಟ್ಟಲೆ ನೆಟ್ಟಗೆ ಒಂದು ಹೆಸರೇ ಸಿಗದವರು, ಕರಿಯ, ಕೆಂಚ, ತಿಪ್ಪ ಅಂತ ಕರೆಸಿಕೊಂಡವರು, ಈಗಷ್ಟೇ ಭೀಮರಾವ್, ಸಿದ್ಧಾರ್ಥ, ಸಾವಿತ್ರಿ ಅಂತ ಹೆಸರಿಟ್ಟುಕೊಂಡವರು ಅದನ್ನು ಬಿಟ್ಟು ಹತ್ತು ಅಂಕಿ ತಗೋಬೇಕು! ಹೆಸರು ಇಟ್ಟುಕೊಳ್ಳುವುದೇ ನಮಗೆ ಒಂದು ಹೋರಾಟವಾಗಿತ್ತು ಎನ್ನುವುದು ಆ ಉಪಾಯಗಾರನಿಗೆ ಗೊತ್ತಿರಲಿಲ್ಲ.

ಮೊಬೈಲು ಜಾತಿಯನ್ನು ಅಳಿಸಿತೇ? 2015ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಶಿರಡಿಯಲ್ಲಿ ನರ್ಸಿಂಗ್ ಓದುತ್ತಿದ್ದ ದಲಿತ ಯುವಕನೊಬ್ಬನ ಕೊಲೆಯಾಯಿತು. ಅವನ ಮೊಬೈಲು ರಿಂಗಾದಾಗ ಅಂಬೇಡ್ಕರ್ ಕುರಿತ ಹಾಡು ಬಂತು, ಜಗಳ ಅಲ್ಲಿಂದಲೇ ಶುರುವಾಯಿತು ಎಂದು ಆಗ ಪತ್ರಿಕೆಗಳು ವರದಿ ಮಾಡಿದವು. ಜಾಹೀರಾತಿನ ಹಳ್ಳಿಯಲ್ಲಿ ಫೋನು ಜಾತಿಯನ್ನು ಮರೆಸಿತು. ನಿಜವಾದ ಊರಿನಲ್ಲಿ ಅದೇ ಫೋನು ಜಾತಿಯನ್ನು ಕೂಗಿ ಹೇಳಿತು, ಹೇಳಿದ್ದಕ್ಕೆ ಒಂದು ಜೀವ ಹೋಯಿತು. ಐಡಿಯಾ ಕಂಪನಿ 2018ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ತನ್ನ ಹೆಸರನ್ನೂ ಕಳೆದುಕೊಳ್ಳುವ ದಾರಿ ಹಿಡಿಯಿತು. ಜಾತಿಯ ಹೆಸರುಗಳಿಗೆ ಅಂಥ ಯಾವ ಆಪತ್ತೂ ಬಂದಿಲ್ಲ.

4

ಈಗ ಏಳನೆಯ ವೈರಿಗೆ ಬರೋಣ. 2020ರ ಮೇ ತಿಂಗಳು. ಕೊರೋನಾ ಲಾಕ್‌ಡೌನ್. ಮನೆಗೆಲಸದ ಹೆಂಗಸರನ್ನು ಅಪಾರ್ಟ್‌ಮೆಂಟಿನ ಗೇಟಿನಲ್ಲೇ ತಡೆಯುತ್ತಿದ್ದ ದಿನಗಳು. ನೀರು ಶುದ್ಧೀಕರಿಸುವ ಯಂತ್ರಗಳಿಂದ ಹೆಸರು ಮಾಡಿದ ಕೆಂಟ್ ಕಂಪನಿ ಹಿಟ್ಟು ಕಲಸುವ ಒಂದು ಯಂತ್ರಕ್ಕೆ ಜಾಹೀರಾತು ಕೊಟ್ಟಿತು. ಅದು ಮನೆಯೊಡತಿಗೆ ಕೇಳಿದ ಪ್ರಶ್ನೆಯ ಸಾರ ಇಷ್ಟು: ಹಿಟ್ಟನ್ನು ಕೈಯಿಂದ ಕಲಸಲು ನಿಮ್ಮ ಕೆಲಸದವಳಿಗೆ ಬಿಡುತ್ತಿದ್ದೀರಾ? ಅವಳ ಕೈಯಲ್ಲಿ ಸೋಂಕಿರಬಹುದು.

ಟೀಕೆ ಬಂತು. ಕಂಪನಿ ಜಾಹೀರಾತನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಕಂಪನಿಯ ಪ್ರಚಾರದ ಮುಖವಾಗಿದ್ದ ಹೇಮಾಮಾಲಿನಿ, ಇದು ತಮ್ಮ ಮೌಲ್ಯಗಳಿಗೆ ಒಪ್ಪುವಂಥದ್ದಲ್ಲ ಎಂದರು. ಅಲ್ಲಿಗೆ ಸುದ್ದಿ ಮುಗಿಯಿತು. ವಿಮರ್ಶೆಯ ಕೆಲಸ ಮಾತ್ರ ಅಲ್ಲಿಂದ ಶುರುವಾಗಬೇಕು.

ಇದು ರೋಗದ ಭಯ ಅಷ್ಟೇ, ಜಾತಿ ಎಲ್ಲಿಂದ ಬಂತು ಅಂತ ವಾದಿಸುವವರಿದ್ದಾರೆ. ಸರಿ, ರೋಗದ ಲೆಕ್ಕವನ್ನೇ ಹಾಕೋಣ. ಆ ಸೋಂಕು ಈ ದೇಶಕ್ಕೆ ವಿಮಾನದಲ್ಲಿ ಬಂತು. ಕೆಲಸದವಳ ಕೈಗೆ ಬರಬಹುದಾದ ಸೋಂಕು ಒಡತಿಯ ಕೈಗೂ, ಒಡತಿಯ ಗಂಡನ ಕೈಗೂ ಬರಬಹುದು. ಆದರೆ ಜಾಹೀರಾತು 'ನಿಮ್ಮ ಕೈ ತೊಳೆದುಕೊಳ್ಳಿ' ಎನ್ನಲಿಲ್ಲ. ಸೋಂಕಿಗೆ ಒಂದು ಶರೀರವನ್ನು ಹುಡುಕಿತು. ಬಡವಳ ಶರೀರವೇ ಅದಕ್ಕೆ ಸಿಕ್ಕಿತು.

ತರಗತಿಯಲ್ಲಿ ಒಮ್ಮೆ ಈ ಜಾಹೀರಾತಿನ ಬಗ್ಗೆ ಮಾತು ಬಂದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸಾರ್, ನಮ್ಮವ್ವನೂ ಪ್ಯಾಟೆ ಮನೆಗಳಲ್ಲಿ ಕೆಲಸ ಮಾಡ್ತಾಳೆ. ಅವರ ಎಂಜಲು ಪಾತ್ರೆ ತೊಳೀಬೋದು, ಅವರ ಬಚ್ಚಲು ಉಜ್ಜಬೋದು. ಹಿಟ್ಟು ಮಾತ್ರ ಮುಟ್ಟಂಗಿಲ್ಲ. ಹಂಗಾರೆ ರೋಗ ಅವಳ ಕೈಯಾಗಿರ್ತದೋ, ಹಿಟ್ಟಿನಾಗಿರ್ತದೋ?" ನನಗೆ ತಿಳಿದ ಮಟ್ಟಿಗೆ ಆ ಜಾಹೀರಾತಿನ ಬಗ್ಗೆ ಇದಕ್ಕಿಂತ ನಿಖರವಾದ ವಿಮರ್ಶೆ ಬಂದಿಲ್ಲ. ಅದೇ ಕೈ ಕೊಳೆಯನ್ನು ಮುಟ್ಟುವಾಗ ಯಾರಿಗೂ ತೊಂದರೆಯಿಲ್ಲ. ಅನ್ನವನ್ನು ಮುಟ್ಟುವಾಗ ತೊಂದರೆ. ರೋಗಾಣುವಿಗೆ ಇಂಥ ಶಾಸ್ತ್ರ ಗೊತ್ತಿಲ್ಲ. ಯಾವ ಕೈ ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಅಂತ ವಿಂಗಡಿಸಿದ ಶಾಸ್ತ್ರ ಯಾವುದೆಂದು ನಮಗೆ ಗೊತ್ತು.

ಇಲ್ಲಿ 'ಶುದ್ಧ' ಎಂಬ ಶಬ್ದದ ಕೈವಾಡವನ್ನು ನೋಡಬೇಕು. ಈ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥ. ಒಂದು, ಕೊಳೆಯಿಲ್ಲದ್ದು. ಇನ್ನೊಂದು, ಮೈಲಿಗೆಯಾಗದ್ದು. ಫಿಲ್ಟರು, ಮಿಕ್ಸರು, ವಾಷಿಂಗ್ ಮೆಷಿನ್ನುಗಳ ಜಾಹೀರಾತು ಮೊದಲನೆಯ ಅರ್ಥದಲ್ಲಿ ಮಾತಾಡುತ್ತದೆ, ಕೊಳ್ಳುವವನ ಎದೆಯೊಳಗೆ ಎರಡನೆಯ ಅರ್ಥವೂ ಮಿಡಿಯುತ್ತದೆ. 1927ರ ಮಾರ್ಚಿಯಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಅವರ ಜೊತೆಗಾರರು ಕುಡಿದ ಮೇಲೆ ಮೇಲ್ಜಾತಿಯವರು 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರುಗಳನ್ನು ಬಳಸಿ ಆ ಕೆರೆಯನ್ನು ಶುದ್ಧಿ ಮಾಡಿದರು. ಅದೂ ಆ ಕಾಲದ ನೀರು ಶುದ್ಧೀಕರಣ ಯಂತ್ರವೇ. 95 ವರ್ಷಗಳ ಮೇಲೆ, 2022ರ ನವೆಂಬರಿನಲ್ಲಿ, ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಿಂದ ನೀರು ಕುಡಿದರು ಅಂತ ತೊಂಬೆ ಖಾಲಿ ಮಾಡಿ ಗಂಜಲದಿಂದ ತೊಳೆದ ಸುದ್ದಿ ಬಂತು. ಜಾತಿಸೂತಕವನ್ನೂ ಎಂಜಲಿನ ಸೂತಕವನ್ನೂ ಅಲ್ಲಗಳೆದ ವಚನಗಳ ನಾಡು ಇದು!

ಮನುಸ್ಮೃತಿ ಹೇಳುವ ಧರ್ಮದ ಹತ್ತು ಲಕ್ಷಣಗಳಲ್ಲಿ ಶೌಚವೂ ಒಂದು. ಅರಿಷಡ್ವರ್ಗದಲ್ಲಿ ಹೇಸಿಗೆ ಯಾಕಿಲ್ಲ ಎನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ನಮಗೆ ಯಾವುದು ಕೇಡಾಗಿತ್ತೋ ಅದು ಅವರಿಗೆ ಧರ್ಮವಾಗಿತ್ತು. ಲೋಭಿಗೆ ಒಂದಲ್ಲ ಒಂದು ದಿನ ನಾಚಿಕೆ ಆಗಬಹುದು, ಮತ್ಸರಿಗೂ ಆಗಬಹುದು. ಹೇಸುವವನಿಗೆ ನಾಚಿಕೆಯೇ ಇಲ್ಲ, ಅವನು ತನ್ನನ್ನು ಶುಚಿವಂತ ಅಂತ ತಿಳಿದಿದ್ದಾನೆ. ಮಾರುವವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗುತ್ತಾನೆ?

5

ಯಂತ್ರದ ಕಾಲ ಹೋಗಿ ಆ್ಯಪಿನ ಕಾಲ ಬಂದರೂ ಇದೇ ವ್ಯಾಪಾರ ಮುಂದುವರಿದಿದೆ. 2023ರ ಜೂನ್ 5, ವಿಶ್ವ ಪರಿಸರ ದಿನ. ಊಟ ತಲುಪಿಸುವ ಜೊಮ್ಯಾಟೊ ಕಂಪನಿ ಒಂದು ಜಾಹೀರಾತು ಮಾಡಿತು. 2001ರ 'ಲಗಾನ್' ಚಿತ್ರದಲ್ಲಿ ಕಚರಾ ಎಂಬ ಅಸ್ಪೃಶ್ಯ ಪಾತ್ರವಿತ್ತಲ್ಲ, ಅದೇ ನಟನನ್ನು ಕರೆತಂದು ಕಸದಿಂದ ಮರುಬಳಕೆಯಾದ ಮೇಜು, ದೀಪ ಇತ್ಯಾದಿಯಾಗಿ ಕೂರಿಸಿದರು. ಕಚರಾ ಎಂದರೆ ಕಸ ಎನ್ನುವುದೇ ಹಾಸ್ಯ. ಒಬ್ಬ ಮನುಷ್ಯನಿಗೆ ಕಸ ಅಂತ ಹೆಸರಿಟ್ಟ ಸಮಾಜವನ್ನು ತೋರಿಸಿದ್ದು ಸಿನಿಮಾ. ಆ ಹೆಸರನ್ನು ನಿಜ ಮಾಡಿ ಆ ಮನುಷ್ಯನನ್ನೇ ಸಾಮಾನಾಗಿಸಿದ್ದು ಜಾಹೀರಾತು. ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗ ನೋಟಿಸು ಕೊಟ್ಟಿತು. ಕಂಪನಿ ಅದನ್ನು ಹಿಂತೆಗೆಯಿತು.

ಮರುವರ್ಷ, 2024ರ ಮಾರ್ಚಿಯಲ್ಲಿ, ಅದೇ ಕಂಪನಿ ಶುದ್ಧ ಸಸ್ಯಾಹಾರಿಗಳಿಗೆ ಬೇರೆಯೇ ಡೆಲಿವರಿ ಪಡೆ ಎಂದು ಪ್ರಕಟಿಸಿತು. ಅವರಿಗೆ ಹಸಿರು ಅಂಗಿ, ಹಸಿರು ಡಬ್ಬಿ. ಡಬ್ಬಿಯಲ್ಲಿ ಹಿಂದಿನ ಊಟ ಚೆಲ್ಲಿ ವಾಸನೆ ಉಳಿಯಬಹುದು ಎಂಬುದೊಂದು ಕಾರಣ. ಮಾಂಸದ ವಾಸನೆಯಿಂದ ಡಬ್ಬಿ ಬೇರೆಯಾಗಬೇಕು, ಡಬ್ಬಿಯಿಂದ ಅದನ್ನು ಹೊರುವ ಹುಡುಗ ಬೇರೆಯಾಗಬೇಕು! ಪ್ರತಿಭಟನೆ ಬಂದ ಮರುದಿನವೇ ಹಸಿರು ಅಂಗಿಯನ್ನು ಕೈಬಿಟ್ಟರು. ಎಲ್ಲರಿಗೂ ಕೆಂಪು ಅಂಗಿಯೇ ಇರಲಿ ಎಂದರು. ಆದರೆ ಬೇರೆ ಪಡೆಯ ವಿಚಾರವನ್ನು ಕೈಬಿಡಲಿಲ್ಲ. ಬೇಲಿ ಇರಲಿ, ಬೇಲಿಗೆ ಬಣ್ಣ ಬೇಡ ಅಂದ ಹಾಗಾಯಿತು.

2025ರ ಮಾರ್ಚಿಯಲ್ಲಿ ಅರ್ಬನ್ ಕಂಪನಿ ಎಂಬ ಇನ್ನೊಂದು ಸಂಸ್ಥೆ, 15 ನಿಮಿಷದಲ್ಲಿ ಮನೆಗೆಲಸದವರನ್ನು ಕಳಿಸುವ ಸೇವೆಯನ್ನು 'ಇನ್‌ಸ್ಟಾ ಮೇಡ್ಸ್' ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ಶುರುಮಾಡಿತು. ಗಂಟೆಗೆ 49 ರೂಪಾಯಿ ಎಂಬ ಆರಂಭದ ದರ. ಟೀಕೆ ಬಂದಾಗ ಹೆಸರನ್ನು 'ಇನ್‌ಸ್ಟಾ ಹೆಲ್ಪ್' ಎಂದು ಬದಲಾಯಿಸಿದರು. ಹೀಗೆ ಒಂದೊಂದು ಸಾರಿಯೂ ಶಬ್ದ ಹೋಗುತ್ತದೆ, ಬಣ್ಣ ಹೋಗುತ್ತದೆ, ಚಿತ್ರ ಹೋಗುತ್ತದೆ. ಆದರೆ ಆ ಜಾಹೀರಾತು ಯಾರನ್ನು ನಂಬಿಕೊಂಡು ಬಂದಿತ್ತೋ ಆ ಗಿರಾಕಿಯ ಮನಸ್ಸು ಅಲ್ಲೇ ಇರುತ್ತದೆ. ಕ್ಷಮೆ ಕೇಳುವವರು ಕಂಪನಿಯವರು ಮಾತ್ರ, ಗಿರಾಕಿ ಯಾವತ್ತೂ ಕ್ಷಮೆ ಕೇಳಿಲ್ಲ.

ಇನ್ನೊಂದು ಮಾತನ್ನು ನಾವು ನಮ್ಮವರ ನಡುವೆಯೇ ಆಡಬೇಕು. ಕೇರಿಯಿಂದ ಲೇಔಟಿಗೆ ಹೋದ, ಓದಿ ನೌಕರಿ ಹಿಡಿದ ನಮ್ಮ ಕೆಲವರ ಮನೆಗಳಲ್ಲೂ ಕೆಲಸದಾಕೆಗೆ ಬೇರೆ ಲೋಟ ಇದೆ. ಆಕೆ ಬಹುಪಾಲು ನಮಗಿಂತ ಕೆಳಗಿನ ಮೆಟ್ಟಿಲಿನವಳು. ಎಡಗೈ ಬಲಗೈ ಅಂತ ನಾವೇ ಪರಸ್ಪರ ಹೇಸಿಕೊಂಡ ಚರಿತ್ರೆಯೂ ನಮ್ಮ ಬೆನ್ನ ಮೇಲಿದೆ. ಶುದ್ಧ ನೀರಿನ ಯಂತ್ರದ ಜೊತೆಗೆ 'ಶುದ್ಧ' ಎಂಬ ಪದದ ಎರಡನೆಯ ಅರ್ಥವನ್ನೂ ನಾವು ಮನೆಗೆ ತಂದುಕೊಂಡರೆ ಆ ಜಾಹೀರಾತು ಪೂರ್ತಿಯಾಗಿ ಗೆದ್ದಂತೆ.

6

ಹಾಗಾದರೆ ಯಂತ್ರವೇ ಬೇಡವೇ? ಆಸೆ ಬಿಡಿ, ಸರಳವಾಗಿ ಬದುಕಿ ಅಂತ ಉಪದೇಶ ಮಾಡುವವರ ಸಾಲಿನಲ್ಲಿ ದಲಿತ ವಿಮರ್ಶೆ ನಿಲ್ಲಲಾರದು. ಸರಳತೆಯನ್ನು ಆರಿಸಿಕೊಳ್ಳುವ ಸುಖ ಉಂಡವರಿಗೆ ಇರುತ್ತದೆ, ನಮ್ಮ ಮೇಲೆ ಅದನ್ನು ಹೇರಲಾಗಿತ್ತು. 1945ರಲ್ಲಿ ಬಂದ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದರು ಎಂದು ಪ್ರಶ್ನಿಸುವ ಪುಸ್ತಕದಲ್ಲಿ ಅಂಬೇಡ್ಕರ್ ಯಂತ್ರದ ಪರವಾಗಿ ವಾದಿಸಿದರು. ಪಶುವಿನಂತೆ ದುಡಿಯುವುದರಿಂದ ಬಿಡುವು ಸಿಕ್ಕರೆ ಮಾತ್ರ ಮನುಷ್ಯನಿಗೆ ಸಂಸ್ಕೃತಿಯ ಬದುಕು ಸಾಧ್ಯ, ಆ ಬಿಡುವನ್ನು ಕೊಡುವುದು ಯಂತ್ರ ಎನ್ನುವುದು ಅವರ ನಿಲುವು. ಹೊಗೆಯಲ್ಲಿ ಕಣ್ಣು ಕಳೆದುಕೊಂಡ ನಮ್ಮ ಅಜ್ಜಿಯರಿಗೆ ಗ್ಯಾಸ್ ಒಲೆ ಐಷಾರಾಮವಲ್ಲ. ಕೂಲಿಯಿಂದ ಬಂದು ರಾತ್ರಿ ಬಟ್ಟೆ ಒಗೆಯುವವಳಿಗೆ ವಾಷಿಂಗ್ ಮೆಷಿನ್ನು ಸೋಮಾರಿತನ ಕಲಿಸುವುದಿಲ್ಲ, ನಿದ್ದೆ ಕೊಡುತ್ತದೆ.

ಆದ್ದರಿಂದ ನಮ್ಮ ತಕರಾರು ಯಂತ್ರದ ಮೇಲಲ್ಲ. ಯಾವ ಯಂತ್ರಕ್ಕೆ ಜಾಹೀರಾತು ಇದೆ, ಯಾವುದಕ್ಕೆ ಇಲ್ಲ ಎನ್ನುವುದನ್ನು ನೋಡಿ. ಡ್ರಾಯಿಂಗ್ ರೂಮಿನ ನೆಲ ಗುಡಿಸುವುದಕ್ಕೆ ತಾನಾಗಿಯೇ ಓಡಾಡುವ ರೋಬೋಟು ಪೇಟೆಯಲ್ಲಿದೆ. ಮ್ಯಾನ್‌ಹೋಲ್ ಶುಚಿ ಮಾಡುವ ರೋಬೋಟನ್ನೂ ಕೇರಳದ ಎಂಜಿನಿಯರುಗಳು 2018ರಲ್ಲೇ ತಯಾರಿಸಿದ್ದಾರೆ. ಆದರೂ ಮನುಷ್ಯರು ಗುಂಡಿಗೆ ಇಳಿಯುತ್ತಲೇ ಇದ್ದಾರೆ, ಸಾಯುತ್ತಲೇ ಇದ್ದಾರೆ. ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಬೇಕಾಗಿ ಬಂತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ.

ಕಾರಣ ಸರಳವಾಗಿದೆ. ಹಿಟ್ಟು ಕಲಸುವ ಯಂತ್ರವನ್ನು ಮಾರಿಸುವ ಹೇಸಿಗೆಯೇ ಮ್ಯಾನ್‌ಹೋಲಿನ ಯಂತ್ರವನ್ನು ಮಾರಾಟವಾಗದಂತೆ ತಡೆಯುತ್ತದೆ. ಅಡುಗೆಮನೆಯಲ್ಲಿ ಆ ಕೈ ದೂರ ಇರಬೇಕು, ಅದಕ್ಕೆ ಯಂತ್ರ ಬೇಕು. ಗುಂಡಿಯಲ್ಲಿ ಆ ಕೈಯೇ ಇರಬೇಕು, ಅಲ್ಲಿ ಯಂತ್ರದ ಅವಸರ ಯಾರಿಗೂ ಇಲ್ಲ. ಮನುಷ್ಯನ ಸಾಮಾನ್ಯ ದೌರ್ಬಲ್ಯ, ಲೋಭ, ಮೋಹ ಅಂತ ಹೊರಟ ವಿಮರ್ಶೆಗೆ ಇದು ಯಾವತ್ತೂ ಕಾಣುವುದಿಲ್ಲ.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ನಾಡು ಹೊತ್ತಿ ಉರಿಯಿತು. ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದ ಮಂತ್ರಿಯೂ ಅವರೇ ಎನ್ನುವುದನ್ನು ನಾವು ಅಷ್ಟಾಗಿ ಜೋಡಿಸಿ ನೋಡಿಲ್ಲ. ಅಕ್ಷರದ ಬೂಸಾ, ತಲೆಯ ಮೇಲಿನ ಬುಟ್ಟಿ ಎರಡನ್ನೂ ಒಂದೇ ಕಣ್ಣಿನಿಂದ ಕಂಡವರು ಅವರು. ನಮ್ಮ ವಿಮರ್ಶೆಗೆ ಬೇಕಾದದ್ದು ಆ ಕಣ್ಣು. ಸಂಘಟನೆಯ ಅಧ್ಯಯನ ಶಿಬಿರಗಳಲ್ಲಿ, ಹಾಸ್ಟೆಲುಗಳಲ್ಲಿ, ಕಾಲೇಜುಗಳಲ್ಲಿ ಕವಿತೆಯ ಜೊತೆಗೆ ಒಂದೊಂದು ಜಾಹೀರಾತನ್ನೂ ಮುಂದಿಟ್ಟುಕೊಂಡು ಕೂರೋಣ. ಈ ಯಂತ್ರ ಬರುವ ಮೊದಲು ಈ ಕೆಲಸವನ್ನು ಯಾರು ಮಾಡುತ್ತಿದ್ದರು, ಅವರ ಕೈ ಚಿತ್ರದಲ್ಲಿ ಯಾಕಿಲ್ಲ, ಈ 'ಶುದ್ಧ' ಯಾರಿಂದ ಶುದ್ಧ ಅಂತ ಕೇಳೋಣ. ಲಗಾನಿನ ಕಚರಾನನ್ನು ಮೇಜು ಮಾಡಿದವರಿಗೆ ನೋಟಿಸು ಕೊಡಲು ಆಯೋಗ ಇದೆ. ಅದನ್ನು ನೋಡಿ ನಕ್ಕವರಿಗೆ ನೋಟಿಸು ಕೊಡುವ ಕೆಲಸ ವಿಮರ್ಶೆಯದು.